ಡಾಕ್ಟ್ರನ್ನ ಕೇಳಿ: ಬಂದಿರೋ ಕ್ಯಾನ್ಸರಿಗೆ ಲಸಿಕೆ ಇದೆಯಾ?

ಬೋಪಣ್ಣ, ಮಾದಾಪುರ: ಮೇಡಂ, ನಮ್ಮ ಭಾವಂಗೆ ಪ್ರಾಸ್ಟೇಟ್ ಕ್ಯಾನ್ಸರ್. ಅಮೆರಿಕದಲ್ಲಿ ಅದಕ್ಕೆ ಲಸಿಕೆ ಇದೆ ಅಂತಾನೆ ಮಗ. ಹಾಕಿಸಿದ್ರೆ ಗಡ್ಡೆ ಕರಗುತ್ತಾ?

ಡಾಕ್ಟರ್: ಇದೆ, ಸಿಪುಲ್ಯೂಸೆಲ್-ಟಿ, 2010ರಲ್ಲೇ ಒಪ್ಪಿಗೆ ಸಿಕ್ತು. ಆಯಸ್ಸು ಸುಮಾರು 4 ತಿಂಗಳು ಹೆಚ್ಚಾಯ್ತು, ಗಡ್ಡೆ ಮಾತ್ರ ಬಹುತೇಕರಲ್ಲಿ ಕುಗ್ಗಲಿಲ್ಲ. ಲಸಿಕೆ ಟಿ ಸೆಲ್ ಅನ್ನೋ ರೋಗದ ಜೊತೆ ಹೋರಾಡೋ ಬಿಳಿ ರಕ್ತಕಣಗಳನ್ನ ಎಬ್ಬಿಸುತ್ತೆ ಸರಿ, ಅವು ಗಡ್ಡೆಯೊಳಗೆ ನುಗ್ಗಬೇಕಲ್ಲ? ಸುತ್ತ ನಾರಿನ ಬೇಲಿ, ರಕ್ತನಾಳ ಸೊಟ್ಟಂಬಟ್ಟ, ಒಳಗೆ ಆಕ್ಸಿಜನ್ ಕಮ್ಮಿ, ಸಾಲದ್ದಕ್ಕೆ ಟ್ರೆಗ್ ಅನ್ನೋ ನಮ್ಮದೇ ಸೆಲ್‌ಗಳು ಬಂದವರನ್ನ ಸುಮ್ಮನಿರಿಸ್ತಾವೆ. ಕಾಫಿ ಗಿಡದ ಕಾಂಡಕೊರಕ ಹುಳ ಒಳಗೆ ಕೂತ ಮೇಲೆ ಎಲೆಗೆ ಸ್ಪ್ರೇ ಹೊಡೆದ ಹಾಗೆ. ಅದಕ್ಕೇ ಈಗ ಲಸಿಕೆ ಜೊತೆ, ಟಿ ಸೆಲ್‌ಗಳನ್ನ ತಡೆದು ನಿಲ್ಲಿಸೋ ಪಿಡಿ-1 ಅನ್ನೋ ಬ್ರೇಕ್ ಬಿಡಿಸೋ ಔಷಧಿನೂ ಕೊಟ್ಟು ನೋಡ್ತಿದಾರೆ.

ಚಿಣ್ಣಪ್ಪ: ಎಲೆಗೆ ಯಾರು ಹೊಡೀತಾರೆ? ಕಾಂಡಕ್ಕೆ 10% ಸುಣ್ಣ ಹಚ್ಚೋದು.

ಬೋಪಣ್ಣ: ನಮ್ಮ ಮಳೆಗೆ ಸುಣ್ಣ ನಿಲ್ಲುತ್ತೇನೋ ಮಾರಾಯ? ನಿಂದು ರೊಬಸ್ಟಾ, ನಿಂಗೇನು ಗೊತ್ತು ಕೊರಕದ ಕಷ್ಟ. ಮೇಡಂ, ಆ ಲಸಿಕೆಗೆ ಎಷ್ಟಾಗುತ್ತೆ?

ಲಲಿತಾ: ಮಗಳಿಗೆ 12, ಗರ್ಭಕಂಠದ ಕ್ಯಾನ್ಸರ್ ತರೋ ವೈರಸ್ಸಿಗೆ ಹಾಕೋ ಎಚ್‌ಪಿವಿ ಲಸಿಕೆ ಹಾಕಿಸ್ಬಹುದಾ?

ಡಾಕ್ಟರ್: ಹಾಕಿಸಿ. ಅದು ಕ್ಯಾನ್ಸರ್ ಬರದ ಹಾಗೆ ತಡೆಯೋದು, ಬೋಪಣ್ಣ ಕೇಳಿದ್ದು ಬಂದ ಮೇಲೆ ಕೊಡೋದು, ಬೇರೆ.

ಗಣೇಶ: ಫಾರ್ವರ್ಡ್ ಬಂದಿದೆ, ಲಕ್ಷ್ಮಣಫಲದ ಎಲೆ ಕಷಾಯ ಕೀಮೋಗಿಂತ 10 ಸಾವಿರ ಪಟ್ಟು ಪವರ್ ಅಂತೆ.

ಡಾಕ್ಟರ್: ಇದು ಮೂರನೇ ಸಲ. ಮನುಷ್ಯರಲ್ಲಿ ಪುರಾವೆ ಇಲ್ಲ, ನರಕ್ಕೆ ವಿಷವಾಗೋ ಅನ್ನೊನಾಸಿನ್ ಇದೆ.

ಗಣೇಶ: ಪ್ರಕೃತಿ ಕೊಟ್ಟಿದ್ದು ವಿಷ ಹೇಗಾಗುತ್ತೆ?

ಚಿಣ್ಣಪ್ಪ: ಕಾಸರಕನ ಬೀಜ ತಿಂದು ನೋಡು, ಗೊತ್ತಾಗುತ್ತೆ.

ರತಿ: ಅತ್ತೆಗೆ ಶ್ವಾಸಕೋಶದ ಕ್ಯಾನ್ಸರ್, ಇಮ್ಯುನೋಥೆರಪಿ 3ನೇ ಡೋಸ್ ಆಗಿ 2 ವಾರ. ಮೂರು ದಿನದಿಂದ ಏಳೆಂಟು ಸಲ ಬೇಧಿ, ನಿನ್ನೆ ರಕ್ತ ಕಂಡ ಹಾಗಾಯ್ತು. ಗಂಜಿ, ಆಮೇಲೆ ಆ ಕಷಾಯ ಕೊಡ್ತಿದೀವಿ.

ಡಾಕ್ಟರ್: ರತಿ, ಕಷಾಯ ನಿಲ್ಸಿ, ಇವತ್ತೇ ಆಸ್ಪತ್ರೆಗೆ ಹೊರಡಿ. ಅತ್ತೆಗೆ ಕೊಡ್ತಿರೋ ಇಮ್ಯುನೋಥೆರಪಿ ನಾನು ಮೇಲೆ ಹೇಳಿದ ಬ್ರೇಕ್ ಬಿಡಿಸೋ ಔಷಧಿನೇ, ಗಡ್ಡೆಯಲ್ಲಿ ಮಾತ್ರ ಬ್ರೇಕ್ ಬಿಡು ಅಂದ್ರೆ ಅದು ಕೇಳಲ್ಲ, ಟಿ ಸೆಲ್‌ಗಳು ಕರುಳಿನ ಮೇಲೂ ತಿರುಗಿ ಬೀಳ್ತಾವೆ. ಸೋಂಕೂ ಇರಬಹುದು, ಮಲ ಪರೀಕ್ಷೆಗೆ ಕಳಿಸ್ತಾರೆ, ಬೇಕಾದ್ರೆ ಸ್ಟೀರಾಯ್ಡ್ ಶುರು ಮಾಡ್ತಾರೆ, ತಡ ಆದ್ರೆ ಕರುಳು ತೂತಾಗೋ ಅಪಾಯ ಇದೆ. ಮೆಡಿಕಲ್‌ನಿಂದ ಬೇಧಿ ನಿಲ್ಲೋ ಮಾತ್ರೆ ತಂದು ಕೊಟ್ಟು ಮಲಗಿಸಬೇಡಿ. ಟ್ರೀಟ್ಮೆಂಟ್ ಫೈಲ್ ಹಿಡ್ಕೊಳ್ಳಿ, ಕ್ಯಾಶುವಾಲ್ಟಿಲಿ ಮೊದಲನೇ ಮಾತೇ ಇಮ್ಯುನೋಥೆರಪಿ ಅಂತಿರಲಿ, ಬರೀ ಕೀಮೋ ಅಂದ್ಬಿಟ್ರೆ ಅವರ ಲೆಕ್ಕ ಬೇರೆ ಕಡೆ ಹೋಗುತ್ತೆ. ಮೂತ್ರ ಹೋಗ್ತಿದಾರಾ?

ರತಿ: ಬೆಳಿಗ್ಗೆ ಸ್ವಲ್ಪ. ನಾಳೆ ಕೈಲ್ ಮುಹೂರ್ತ ಹಬ್ಬ, ಮುಗಿಸ್ಕೊಂಡು ಹೊರಟ್ರೆ ಆಗುತ್ತಾ?

ಡಾಕ್ಟರ್: ಇವತ್ತು ಅಂದೆ.

ಗಣೇಶ: ಹೀಗೆ ಹೆದರಿಸಬಾರದು ಮೇಡಂ.

ಡಾಕ್ಟರ್: ನೀವು ಫಾರ್ವರ್ಡ್ ಮಾಡಿದ್ದನ್ನೇ ಅವರು ಕುಡಿಸಿದ್ದು.

ಸುಮಿ: ಹುಡುಗರಿಗೂ ಎಚ್‌ಪಿವಿ ಹಾಕಿಸ್ಬಹುದಾ?

ಡಾಕ್ಟರ್: ಹೂಂ.

ರತಿ: ತಿತಿಮತಿ ದಾಟಿದ್ವಿ ಮೇಡಂ. ಫೈಲ್ ತಗೊಂಡಿದೀನಿ.

ಬೋಪಣ್ಣ: ಮೇಡಂ, ಭಾವನ ಲಸಿಕೆ ರೇಟು?