ಅಜ್ಜಿ ಫೋಟೋ ಒಂದೇ ವರ್ಷಕ್ಕೆ ಕೆಂಪಗಾಗಿದೆ, ಯಾಕೆ?

ಮಲೆನಾಡಿಗ:
ಅಜ್ಜಿ ತೀರಿಕೊಂಡಾಗ ಮನೆಯಲ್ಲೇ ಎ4 ಪ್ರಿಂಟ್ ತೆಗೆದು ಹಾಲ್‌ನಲ್ಲಿ ಹಾಕಿದ್ದೆ. ಇನ್ನೂ ವರ್ಷ ತುಂಬಿಲ್ಲ, ನೀಲಿ ಸೀರೆ ಕಂದಾಗಿದೆ, ಮುಖ ಕಿತ್ತಳೆ. ಮೊನ್ನೆ ಗಂಧದ ಹಾರ ಬದಲಿಸೋಣ ಅಂತ ತೆಗೆದರೆ ಅದರ ಅಡಿಯಲ್ಲಿ ಮಾತ್ರ ನೀಲಿ ಹಾಗೇ ಇದೆ. ಕರುಳು ಚುರ್ ಎಂದಿತು. ಒಳ್ಳೆ ಪೇಪರೇ ಹಾಕಿದ್ದೆ. ವರ್ಷದ ತಿಥಿಗೆ 20 ದಿನ ಇದೆ. ಏನು ಮಾಡಲಿ?

ಬಿಸಿಲುಕೋಲು:
ಬಿಸಿಲು, ಇನ್ನೇನೂ ಅಲ್ಲ. ಪಶ್ಚಿಮದ ಕಿಟಕಿ ಇದೆಯಾ? ಕರ್ಟನ್ ಹಾಕಿ.

ಮಲೆನಾಡಿಗ:
ಆ ಗೋಡೆಗೆ ಬಿಸಿಲೇ ಬೀಳಲ್ಲ ಸರ್.

ಬಿಸಿಲುಕೋಲು:
ನೇರ ಬಿಸಿಲೇ ಬೇಕಿಲ್ಲ, ಹಗಲಿನ ಬೆಳಕು ಸಾಕು. ಹಾರದ ಅಡಿ ಉಳಿದಿದೆ ಅಂದ್ರೆ ಗೊತ್ತಾಗಲ್ವಾ?

ಬಣ್ಣದಬುಟ್ಟಿ:
ಯಾವ ಇಂಕ್, ಎಂಥ ಪೇಪರ್, ಗಾಜು ಇದೆಯಾ? ಇದನ್ನು ಹೇಳದೆ ಸುಮ್ನೆ ಊಹೆ ಮಾಡೋದು ಬೇಡ.

ಮಲೆನಾಡಿಗ:
ಆರು ಬಣ್ಣದ ಟ್ಯಾಂಕ್ ಪ್ರಿಂಟರ್. ಇಂಕ್ ಅಂಗಡಿಯವರು ತುಂಬಿಕೊಟ್ಟದ್ದು, ಬಾಟಲಿ ಮೇಲೆ ಹೆಸರಿರಲಿಲ್ಲ. ಪೇಪರ್ ತಕ್ಷಣ ಒಣಗುವ ಗ್ಲಾಸಿ, 180 ಜಿಎಸ್‌ಎಂ (ಚದರ ಮೀಟರಿಗೆ 180 ಗ್ರಾಂ ತೂಕ). ಗಾಜು ಹಾಕಿಸಿಲ್ಲ. ಇನ್ನೊಂದು ಕಾಪಿ ದೇವರ ಕೋಣೆಯಲ್ಲಿದೆ, ಅಲ್ಲಿ ಕಿಟಕಿಯೇ ಇಲ್ಲ. ಅದೂ ಕೆಂಪಗಾಗಿದೆ. ಆಲ್ಬಂನ ಪ್ಲಾಸ್ಟಿಕ್ ಹಾಳೆಯೊಳಗಿನದು ಮಾತ್ರ ಚೆನ್ನಾಗಿದೆ.

ಬಣ್ಣದಬುಟ್ಟಿ:
ಇದನ್ನು ಮೊದಲೇ ಹೇಳಬೇಕಿತ್ತು! ಇದು ಗಾಳಿಯ ಕೆಲಸ. ಹಾರದ ಅಡಿ, ಪ್ಲಾಸ್ಟಿಕ್ ಒಳಗೆ ಗಾಳಿ ಆಡಿಲ್ಲ, ಅದಕ್ಕೇ ಅಲ್ಲಿ ಬಣ್ಣ ಉಳಿದಿದೆ. ತಕ್ಷಣ ಒಣಗುವ ಪೇಪರಿನ ಮೇಲ್ಪದರದ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಇಂಕ್ ಇಳಿದ ದಾರಿಯಲ್ಲೇ ಗಾಳಿಯೂ ಇಳಿಯುತ್ತೆ. ಅದರಲ್ಲಿರೋ ಓಝೋನ್ ಅನಿಲ ಡೈ ಇಂಕ್‌ನ (ದ್ರವದಲ್ಲಿ ಕರಗಿದ ಬಣ್ಣದ ಇಂಕ್) ಸಯಾನ್, ಅಂದ್ರೆ ತಿಳಿನೀಲಿ ಬಣ್ಣವನ್ನು ಬೇಗ ತಿನ್ನುತ್ತೆ. ಉಳಿಯೋದು ಮಜೆಂಟಾ (ಗುಲಾಬಿ-ಕೆಂಪು), ಹಳದಿ. ಅದಕ್ಕೇ ಕಿತ್ತಳೆ. 2000ದಲ್ಲಿ ಎಪ್ಸನ್ ಸ್ಟೈಲಸ್ ಫೋಟೋ 1270 ಪ್ರಿಂಟರ್ ಬಂದಾಗಲೂ ಇದೇ ದೊಡ್ಡ ಸುದ್ದಿಯಾಗಿತ್ತು.

ಪಿಗ್ಮೆಂಟ್‌ಪ್ರಿಯ:
ಡೈ ಬಿಟ್ಟು ಪಿಗ್ಮೆಂಟ್‌ಗೆ, ಅಂದ್ರೆ ಕರಗದ ಬಣ್ಣದ ಕಣಗಳಿರೋ ಇಂಕ್‌ಗೆ ಬನ್ನಿ. ನನ್ನದು ಎ2 ಪ್ರಿಂಟರ್, 310 ಜಿಎಸ್‌ಎಂ ಹತ್ತಿ ಕಾಗದ. ಐದು ವರ್ಷದ ಹಿಂದಿನ ಹಂಪಿ ರಥ ಇವತ್ತಿಗೂ ಹೊಸದರ ಹಾಗಿದೆ. ಈಗ ಬಾದಾಮಿ ಸರಣಿ ತೆಗೀತಿದ್ದೇನೆ.

ಬಿಸಿಲುಕೋಲು:
ಕಿಟಕಿ ಎದುರು ಇಟ್ಟಿದ್ರಾ?

ಪಿಗ್ಮೆಂಟ್‌ಪ್ರಿಯ:
ಇಲ್ಲ, ಒಳಗಿನ ಪ್ಯಾಸೇಜ್‌ನಲ್ಲಿ.

ಬಿಸಿಲುಕೋಲು:
ನಾನು ಹೇಳ್ತಿರೋದೂ ಅದೇ. ಬೆಳಕು!

ಮಲೆನಾಡಿಗ:
ಎ2 ಪ್ರಿಂಟರ್ ತಗೊಳ್ಳೋ ಶಕ್ತಿ ನನಗಿಲ್ಲ. ಲ್ಯಾಮಿನೇಷನ್ ಮಾಡಿಸಲಾ?

ಬಣ್ಣದಬುಟ್ಟಿ:
ಇಂಕ್ ಬದಲಿಸಿದರೂ ಪೈಪ್‌ನಲ್ಲಿ ಹಳೆಯದು ಉಳಿದಿರುತ್ತೆ. ಈ ಸಲ ಸ್ಟುಡಿಯೋದಲ್ಲಿ ಲ್ಯಾಬ್ ಪ್ರಿಂಟ್ (ಇಂಕ್ ಇಲ್ಲದೆ, ಫೋಟೋ ಕಾಗದವನ್ನು ರಾಸಾಯನಿಕದಲ್ಲಿ ತೊಳೆದು ಮಾಡೋದು) ಹಾಕಿಸಿ. ಇಂಕ್‌ಜೆಟ್ ಬೇಡ ಅಂತ ಬಿಡಿಸಿ ಹೇಳಿ. ಮುಂದೆ ಗಾಜು ಬೇಕೇ ಬೇಕು. ಗಾಜು ಫೋಟೋಗೆ ತಾಗದ ಹಾಗೆ ಸುತ್ತ ಮೌಂಟ್ (ದಪ್ಪ ರಟ್ಟಿನ ಅಂಚು) ಕೊಡಿಸಿ.

ಪಿಗ್ಮೆಂಟ್‌ಪ್ರಿಯ:
ಲ್ಯಾಮಿನೇಷನ್ ಕೂಡ ಗಾಳಿ ತಡೆಯುತ್ತಲ್ಲ?

ಬಣ್ಣದಬುಟ್ಟಿ:
ತಡೆಯುತ್ತೆ. ಆದರೆ ಒಮ್ಮೆ ಅಂಟಿಸಿದ ಮೇಲೆ ಬಿಡಿಸೋಕಾಗಲ್ಲ. ಅಜ್ಜಿ ಫೋಟೋ ವಿಷಯದಲ್ಲಿ ನಾನಂತೂ ಒಪ್ಪಲ್ಲ.

ಮಲೆನಾಡಿಗ:
ಇನ್ನೊಂದು ತೊಂದರೆ. ಮೂಲ ಫೈಲ್ ಹಳೇ ಫೋನ್ ಜೊತೆ ಹೋಯಿತು. ಈಗ ಇರೋದು ಆಲ್ಬಂ ಕಾಪಿ ಒಂದೇ.

ಬಣ್ಣದಬುಟ್ಟಿ:
ಹಾಗಾದರೆ ಇವತ್ತೇ ಅದನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಪ್ಲಾಸ್ಟಿಕ್‌ಗೆ ಅಂಟಿಕೊಂಡಿದ್ದರೆ ಎಳೀಬೇಡಿ, ಹಾಳೆ ಸಮೇತ ಇಟ್ಟೇ ಮಾಡಿ.