ಕಲ್ಲು ನಾಲ್ಕು, ಚಾಕು ಎರಡು, ಎರಡೂ ಮೊಂಡು

ಸೀನ ಮತ್ತೆ ಹೊಸ ಸಾಣೆಕಲ್ಲು ತಗೋಬೇಕು ಅಂತ ಶುರು ಹಚ್ಕೊಂಡ. ಇವನ ಹತ್ರ ಈಗಾಗ್ಲೇ ನಾಲ್ಕಿದೆ.

"ಈ ಸಲ 8000 ಗ್ರಿಟ್ ಮಗಾ, ಅಲಗು ಕನ್ನಡಿ ಥರ ಹೊಳೆಯುತ್ತಂತೆ."

"ಯಾಕೆ, ತಲೆ ಬಾಚ್ಕೊಳಕ್ಕಾ?" ಅಂದ ಗುಂಡ.

ಲೋ, ಗ್ರಿಟ್ ಅಂದ್ರೆ ಕಲ್ಲಿನ ಕಣ ಎಷ್ಟು ಸಣ್ಣದು ಅನ್ನೋ ಲೆಕ್ಕ, ಆ ನಂಬರ್ ಏರಿದಷ್ಟೂ ಕಲ್ಲು ನಯ ಆಗುತ್ತೆ ಕಣೋ, ನಯ ಆದಷ್ಟೂ ಲೋಹ ತೆಗೆಯೋದು ಕಮ್ಮಿ, ಮೊಂಡು ಚಾಕುನ 8000ದ ಮೇಲೆ ಉಜ್ಜಿದ್ರೆ ಹೊಳೆಯೋ ಮೊಂಡು ಚಾಕು ಸಿಗುತ್ತೆ ಅಷ್ಟೆ, ಅಂದೆ. ಅಡುಗೆಮನೆ ಚಾಕುಗೆ 1000 ಒಂದಿದ್ರೆ ಮುಕ್ಕಾಲು ಪಾಲು ಕೆಲಸ ಮುಗೀತು, ಬಾಯಿ ಚಕ್ಕೆ ಹಾರಿದ್ರೆ 400ಕ್ಕೆ ಇಳಿ, ಶೋಕಿ ಇದ್ರೆ 3000 ತನಕ ಹೋಗು.

"ಇರೋದೂ 1000ನೇ ಕಣ್ರೋ, ಹರಿತಾನೇ ಆಗಲ್ಲ, ಕಲ್ಲೇ ಸರಿ ಇಲ್ಲ."

"ಕುಣಿಯಕ್ಕೆ ಬರ್ದೋಳು ನೆಲ ಡೊಂಕು ಅಂದ್ಲಂತೆ" ಅಂತ ಗುಂಡ ಹಲ್ಲು ಕಿರಿದ.

ಕಲ್ಲು ತರಿಸಿ ಮೇಲೆ ಸ್ಟೀಲ್ ಸ್ಕೇಲ್ ನಿಲ್ಸಿ ಬೆಳಕಿಗೆ ಹಿಡಿದ್ರೆ, ಅಯ್ಯೋ, ಕೆಳಗಿಂದ ಬೆಳಕು ತೂರಿ ಬರ್ತಿದೆ! ನಿಜವಾಗ್ಲೂ ಡೊಂಕು, ನಡುವೆ ಹಳ್ಳ ಬಿದ್ದು ದೋಣಿ ಆಗಿದೆ. ಗುಂಡನ ಮುಖ ನೋಡ್ಬೇಕಿತ್ತು. ಇದು ವಾಟರ್‌ಸ್ಟೋನ್, ನೀರು ಹಾಕಿ ಮಸೆಯೋ ಕಲ್ಲು, ಮೆತ್ತಗಿರುತ್ತೆ, ಅದು ಸವೆದು ಹೊಸ ಕಣ ಮೇಲೆ ಬರೋದ್ರಿಂದಾನೇ ಬೇಗ ಮಸೆಯೋದು, ಇವನು ನೋಡಿದ್ರೆ ಎರಡು ವರ್ಷ ನಡುವಲ್ಲೇ ಉಜ್ಜಿದಾನೆ. ಪೆನ್ಸಿಲ್ಲಲ್ಲಿ ಅಡ್ಡ ಉದ್ದ ಗೆರೆ ಎಳ್ದು, ನೀರು ಹಾಕಿ, ವಜ್ರದ ಕಣ ಕೂರಿಸಿರೋ ನನ್ನ ಡೈಮಂಡ್ ಪ್ಲೇಟಲ್ಲಿ ಗೆರೆ ಪೂರ್ತಿ ಅಳಿಸೋ ತನಕ ಉಜ್ಜಿ ಮಟ್ಟ ಮಾಡಿದ್ವಿ.

"ಹಂಗಾದ್ರೆ ಡೈಮಂಡ್ ಪ್ಲೇಟೇ ತಗೊಂಬಿಡ್ಲಾ?"

ಇದಕ್ಕೆ ನಾನು ಬೇಡ ಅನ್ನಲಿಲ್ಲ. ಜೇಬಲ್ಲಿಡೋ ಮಡಚು ಚಾಕುಗೆ ಅದೇ ವಾಸಿ, ನೆನೆಸೋ ರಗಳೆ ಇಲ್ಲ, ಹಳ್ಳ ಬೀಳಲ್ಲ, ಆ ಚಾಕುಗಳಲ್ಲಿ ಕೆಲವದ್ರ ಸ್ಟೀಲಲ್ಲಿ ವೆನೇಡಿಯಂ ಅನ್ನೋ ಲೋಹ ಜಾಸ್ತಿ, ಮಾಮೂಲಿ ಕಲ್ಲಿಗೆ ಜಗ್ಗಲ್ಲ, ವಜ್ರಕ್ಕೆ ಜಗ್ಗುತ್ತೆ. ಒತ್ತಬಾರ್ದು ಅಷ್ಟೆ, ಒತ್ತಿದ್ರೆ ವಜ್ರದ ಕಣ ಕಿತ್ಕೊಂಡು ಬರುತ್ತೆ.

"ಇವನ ಕೈಲಿ ಒಂದು ವಾರ" ಅಂದ ಗುಂಡ.

ಎಣ್ಣೆ ಹಾಕಿ ಮಸೆಯೋ ಆಯಿಲ್‌ಸ್ಟೋನ್ ಒಂದಿತ್ತಲ್ಲ, ಏನಾಯ್ತೋ ಅಂತ ಕೇಳಿದ್ರೆ, ಅದಕ್ಕೆ ಅಡುಗೆ ಎಣ್ಣೆ ಹಾಕಿದ್ದನಂತೆ, ಈಗ ಅಂಟು ಹಿಡಿದು ಚಾಕುನೇ ಬಿಡಲ್ಲ ಅಂತ ಕೂತಿದೆಯಂತೆ. ಅದಕ್ಕೆ ಮಿನರಲ್ ಆಯಿಲ್ ಕಣಪ್ಪಾ, ಒಗ್ಗರಣೆ ಅಲ್ಲ.

ಸರಿ, ಮಟ್ಟ ಆದ ಕಲ್ಲಲ್ಲಿ ಮಸೆದು ತೋರಿಸು ನೋಡೋಣ ಅಂತ ಅಲಗಿನ ಇಳಿಜಾರಿಗೆ ಮಾರ್ಕರ್ ಬಳ್ದು ಕೊಟ್ಟೆ. ಎರಡೇ ಎರಡು ಸಲ ಎಳೆದ. ಮೇಲಿನ ಬಣ್ಣ ಹೋಗಿದೆ, ತುದಿ ಅಂಚಲ್ಲಿ ಕಪ್ಪು ಗೆರೆ ಹಂಗೇ ಕೂತಿದೆ. ಅಂದ್ರೆ ಅಲಗನ್ನ ತೀರಾ ಮಲಗಿಸಿ ಉಜ್ಜಿದಾನೆ, ಎರಡು ವರ್ಷದಿಂದ ಇವನ ಕಲ್ಲು ಚಾಕು ಬಾಯಿಗೆ ತಾಗೇ ಇಲ್ಲ!

ಗುಂಡ ಎದ್ದು ನಿಂತ. "ನೆಲಾನೂ ಡೊಂಕು, ಕುಣಿಯಕ್ಕೂ ಬರಲ್ಲ!"

40 ಮಿಲಿಮೀಟರ್ ಅಗಲದ ಅಲಗು ಅಲ್ವಾ, ಬೆನ್ನನ್ನ ಕಲ್ಲಿಂದ 10 ಮಿಲಿಮೀಟರ್ ಎತ್ತಿ ಹಿಡಿ, ಹೆಚ್ಚೂಕಮ್ಮಿ 15 ಡಿಗ್ರಿ ಬರುತ್ತೆ, ಅಂತ ಕೈ ಹಿಡಿದು ತೋರಿಸ್ದೆ. ಒಂದು ಮಗ್ಗುಲು ಉಜ್ಜಿ, ಆ ಕಡೆ ಬೆನ್ನಿಂದ ಬಾಯಿ ಕಡೆ ಹೆಬ್ಬೆರಳು ಮೆಲ್ಲಗೆ ಜಾರಿಸಿದ್ರೆ ಸಣ್ಣ ತರಿ ತಡೀಬೇಕು, ಅದೇ ಬರ್ರು, ಅದು ಉದ್ದಕ್ಕೂ ಬರೋ ತನಕ ಮಗ್ಗುಲು ತಿರುಗಿಸೋ ಹಾಗಿಲ್ಲ. ಕಾಲು ಗಂಟೆ ಆದ್ಮೇಲೆ ಬಂತು. ಆ ಕಡೇನೂ ಉಜ್ಜಿ, ಹಗುರವಾಗಿ ನಾಲ್ಕು ಸಲ ಎಳ್ದು ತರಿ ತೆಗೆದು, ನ್ಯೂಸ್‌ಪೇಪರ್ ಮೇಲೆ ಇಟ್ಟ, ಸರ್ರ್ ಅಂತ ಇಳೀತು ನೋಡಿ.

ಸೀನ ಆ ಪೇಪರನ್ನೇ ನೋಡ್ತಾ ಕೂತಿದ್ದ. ಆಮೇಲೆ ಮೆಲ್ಲಗೆ ಕೇಳ್ದ, "8000ದ್ದು ಕಾರ್ಟಲ್ಲಿದೆ ಮಗಾ, ಇರ್ಲಾ, ತೆಗೀಲಾ?"