ಅಪ್‌ಡೇಟ್: ನಮ್ಮ ಗಂಡು ಶುಗರ್ ಗ್ಲೈಡರ್‌ಗೆ ಸಂತಾನಹರಣ ಚಿಕಿತ್ಸೆ ಆಗಿದೆಯೇ?

ವೈಟ್‌ಫೀಲ್ಡ್‌ನ ಕುಟುಂಬವೊಂದರಿಂದ ದತ್ತು ತಂದ ಗಂಡು ಶುಗರ್ ಗ್ಲೈಡರ್‌ಗೆ (ಮರದಿಂದ ಮರಕ್ಕೆ ತೇಲಿ ಹೋಗುವ, ಕಾಂಗರೂವಿನಂತೆ ಹೊಟ್ಟೆಚೀಲದಲ್ಲಿ ಮರಿ ಬೆಳೆಸುವ ಜಾತಿಯ ಪುಟ್ಟ ಪ್ರಾಣಿ) ಸಂತಾನಹರಣ ಚಿಕಿತ್ಸೆ ಆಗಿದೆಯೇ ಎಂದು ಕೇಳಿದ್ದೆ. ಹಳೆಯ ಮಾಲೀಕರು ‘ಆಗಿದೆ’ ಎಂದಿದ್ದರು, ಕಾಗದಪತ್ರ ಮಾತ್ರ ಇರಲಿಲ್ಲ. ಉತ್ತರ ಸಿಕ್ಕಿತು: ಆಗಿಲ್ಲ!

ನೆತ್ತಿಯ ಬೋಳು ಗುರುತು ನೋಡಿ ಎಂದು ಹಲವರು ಹೇಳಿದಿರಿ. ಅದು ಗಂಧಗ್ರಂಥಿ, ಪ್ರಾಯಕ್ಕೆ ಬಂದ ಗಂಡಿನಲ್ಲಿ ಎದ್ದು ಕಾಣುತ್ತದೆ, ಚಿಕಿತ್ಸೆಯ ನಂತರ ಅಲ್ಲಿ ನಿಧಾನವಾಗಿ ಕೂದಲು ಬೆಳೆಯುತ್ತದೆ. ಹಾಗಾಗಿ ಈಚೆಗಷ್ಟೇ ಚಿಕಿತ್ಸೆಯಾದ ಗಂಡಿಗೂ ಬೋಳು ಇರಬಹುದು, ಅದೊಂದನ್ನೇ ನಂಬಲಾಗದು. ಇಂಥ ಪ್ರಾಣಿಗಳನ್ನು ನೋಡುವ ಜಯನಗರದ ವೈದ್ಯೆಯೊಬ್ಬರು ನೆತ್ತಿಯ ಗೊಡವೆಗೇ ಹೋಗದೆ ನೇರವಾಗಿ ಹೊಟ್ಟೆ ನೋಡಿದರು. ನಾಯಿ, ಬೆಕ್ಕುಗಳಿಗೆ ಇರುವಂತೆ ಹಿಂಗಾಲುಗಳ ನಡುವೆ ಅಲ್ಲ, ಈ ಪ್ರಾಣಿಯ ವೃಷಣಚೀಲ ಹೊಟ್ಟೆಯ ಮೇಲೆಯೇ ಸಣ್ಣ ತೊಟ್ಟಿನಿಂದ ಜೋತಾಡುವ ರೋಮದ ಉಂಡೆ. ಶಸ್ತ್ರಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಆ ಚೀಲವನ್ನೂ ತೆಗೆಯುತ್ತಾರೆ. ಇವನದು ಹಾಗೆಯೇ ಇತ್ತು, ಒಳಗೆ ಎರಡೂ ವೃಷಣಗಳು ಕೈಗೆ ಸಿಕ್ಕವು. (ನಾನು ಹಾಕಿದ್ದ ಫೋಟೊದಲ್ಲಿ ಏನೂ ಕಾಣದಿದ್ದುದಕ್ಕೆ ಮಹಾಶಯ ಮುದುಡಿ ಮಲಗಿದ್ದೇ ಕಾರಣ.)

ಮುಂದಿನ ವಾರ ಶಸ್ತ್ರಚಿಕಿತ್ಸೆ. ಆ ಬಳಿಕವೂ ಕೆಲವು ವಾರ ಮರಿಯಾಗುವ ಸಾಧ್ಯತೆ ಇರುವುದರಿಂದ ನಮ್ಮ ಹೆಣ್ಣಿನ ಪಂಜರ ಸದ್ಯ ಬೇರೆ ಕೋಣೆಯಲ್ಲಿದೆ. ಮೊದಲ ದಿನವೇ ಎರಡನ್ನೂ ಒಟ್ಟಿಗೆ ಬಿಡಿ ಎಂದವರ ಮಾತು ಕೇಳದಿದ್ದುದು ಒಳ್ಳೆಯದಾಯಿತು.